ಆಮೆಗೆ ಜೊತೆ ತಂದದ್ದು

ಒಂಟಿಯಾಗಿರುವ ಯಾವ ಜೀವವನ್ನೂ ನಮ್ಮ ಕೊಟ್ಟೂರಿನವರು ಸುಮ್ಮನೆ ನೋಡುತ್ತ ಕೂರಲಾರರು. ಹೋಟೆಲಿನಲ್ಲಿ ಒಬ್ಬನೇ ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದರೆ, ಗುರುತಿಲ್ಲದವರೂ ಎದುರಿಗೆ ಬಂದು ಕೂತು, ಯಾಕ್ರಿ ಒಬ್ಬರ ಅದೀರಿ ಎಂದು ಮರುಗುತ್ತ ನಮ್ಮ ತಟ್ಟೆಗೇ ಕೈ ಹಾಕುತ್ತಾರೆ. ನಾನೂ ಅದೇ ಮಣ್ಣಿನವನು. ಮಾತಿಲ್ಲದೆ ಅರ್ಧ ಗಂಟೆ ಕೂತರೆ ನನಗೆ ಜ್ವರ ಬಂದಂತಾಗುತ್ತದೆ. ಹೀಗಿರುವಾಗ ನಮ್ಮ ಹಿತ್ತಲಲ್ಲಿ ಒಂದು ಆಮೆ ಒಂಟಿಯಾಗಿರುವುದನ್ನು ನಾನು ಹೇಗೆ ಸಹಿಸಲಿ?

ಆಗ ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಕೊಟ್ಟೂರಿನ ಒಂದು ಶಾಲೆಯಲ್ಲಿ ಮಾಸ್ತರು. ಹೆಂಡತಿ ಗಿರಿಜಾ ಹಡಗಲಿಯಲ್ಲಿ ಶಿಕ್ಷಕಿ. ಅಲ್ಲೇ ಒಂದು ಖೋಲಿ ಹಿಡಿದಿದ್ದಳು. ಶನಿವಾರದ ಬಸ್ಸಿಗೆ ಮಲ್ಲಿಗೆ ಮುಡಿದು ಬಂದವಳು ಸೋಮವಾರ ನಸುಕಿಗೇ ಹೊರಟುಬಿಡುತ್ತಿದ್ದಳು. ಉಳಿದ ದಿನಗಳಲ್ಲಿ ನನ್ನ ಮಾತಿಗೆ ಸಿಗುತ್ತಿದ್ದುದು ಕಾನಹೊಸಹಳ್ಳಿಯ ನೆಂಟರು ತಂದುಕೊಟ್ಟ ಆಮೆಯೊಂದೇ. ಸಂಜೆ ಅದರ ಮುಂದೆ ಕೂತು ಶಾಲೆಯ ಸಮಾಚಾರ ತೆಗೆದರೆ ಸಾಕು, ತಲೆಯನ್ನು ಒಳಗೆ ಎಳೆದುಕೊಂಡುಬಿಡುತ್ತಿತ್ತು. ಪಾಪ, ಜೊತೆಯಿಲ್ಲದ ಕೊರಗು ಎಂದುಕೊಂಡೆ. ಪಕ್ಕದ ಮನೆಯ ಹಾಲಮ್ಮ ಹೌದೌದೆಂದಳು. ಊರಿನ ಅರ್ಧ ಮದುವೆಗಳನ್ನು ಕುದುರಿಸಿದ ಹೆಂಗಸು ಆಕೆ.

ಅದೇ ಹೊತ್ತಿಗೆ ಕೊಟ್ಟೂರಿನ ಇನ್ನೊಂದು ಶಾಲೆಯಲ್ಲಿ ಜಾಗ ಖಾಲಿಯಾಯಿತು. ಗಿರಿಜಾ ಹೂಂ ಅಂದರೆ ವರ್ಗವಾಗುವಂತಿತ್ತು. ನಾನು ಕುಣಿದಾಡಿದೆ, ಅವಳು ಹೂಂ ಅನ್ನಲಿಲ್ಲ. ವಾರಕ್ಕೆ ಎರಡು ದಿನ ಹಬ್ಬದೂಟ ಚೆಂದ, ದಿನಾ ಹಬ್ಬವಾದರೆ ಹೊಟ್ಟೆ ತಡೆದೀತೇ ಎಂಬುದು ಅವಳ ಚಿಂತೆ. ಹಡಗಲಿಯಲ್ಲಿ ಅವಳು ಕದ ಹಾಕಿಕೊಂಡು ಕಾದಂಬರಿ ಓದುತ್ತಿದ್ದಳಂತೆ. ನಮ್ಮ ಮನೆಯಲ್ಲಿ ಪುಟದ ಮೂರನೆಯ ಸಾಲಿಗೆ ಬರುವುದರೊಳಗೆ, ಏನ್ ಓದಾಕತ್ತಿ ಎಂದು ನಾನು ಹಾಜರು. ಆಮೆಗೆ ಜೊತೆ ತರುವ ನನ್ನ ಯೋಚನೆಯನ್ನು ಕೇಳಿ ನಕ್ಕುಬಿಟ್ಟಳು.

"ತರ್ರಿ. ಅವೆರಡೂ ಕೂಡಿ ಸುಖವಾಗಿದ್ರ ನಾನೂ ಬರ್ತೀನಿ" ಎಂದಳು.

ಅವಳು ಅಂದದ್ದು ಚೇಷ್ಟೆಗೆ. ನಾನು ಆಣೆಯೆಂದು ಹಿಡಿದುಕೊಂಡೆ. ಹಗರಿಬೊಮ್ಮನಹಳ್ಳಿಯ ಗೆಳೆಯ ಕೊಟ್ರೇಶ ತನ್ನ ಮನೆಯ ಆಮೆ ಹೆಣ್ಣೆಂದು ಎದೆ ತಟ್ಟಿ ಹೇಳಿದ. ಹೇಗೆ ಗೊತ್ತು ಎಂದರೆ, ನಡಿಗಿ ನೋಡಿದ್ರ ತಿಳೀತೈತಿ ಎಂದ. ಚೀಲದಲ್ಲಿ ಹಾಕಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಹಾಲಮ್ಮ ಹೊಸ್ತಿಲಲ್ಲೇ ತಡೆದಳು. ಮೊದಲ ಸಲ ಮನೆಗೆ ಬಂದ ಹೆಣ್ಣನ್ನು ಹಾಗೇ ಒಳಗೆ ಕರೆದುಕೊಳ್ಳುವುದು ಎಲ್ಲಾದರೂ ಉಂಟೇ? ಆರತಿ ಎತ್ತಿ, ಚಿಪ್ಪಿಗೆ ಕುಂಕುಮ ಹಚ್ಚಿ, ಅಕ್ಕಿ, ಕೊಬ್ಬರಿ, ಹಸಿರು ಖಣ ಇಟ್ಟು ಉಡಿ ತುಂಬಲು ಕೂತಳು. ಆಮೆಗೆ ಉಡಿ ಎಲ್ಲಿರುತ್ತದೆ ಎಂದು ಕೇಳಿದ್ದಕ್ಕೆ ಖಣವನ್ನು ಅದರ ಬೆನ್ನಿಗೆ ಹೊದಿಸಿ ಎಲ್ಲವನ್ನೂ ಅಲ್ಲೇ ಸುರಿದಳು. ಹೊಸ ಸೊಸೆ ಆಮೆ ದಾರಿಯುದ್ದಕ್ಕೂ ಅಕ್ಕಿ ಚೆಲ್ಲುತ್ತ ಹಿತ್ತಲಿಗೆ ನಡೆದು, ನಮ್ಮ ಆಮೆಯನ್ನು ಕಂಡದ್ದೇ ತಡ, ಡಿಕ್ಕಿ ಹೊಡೆಯಿತು. ಸಲಿಗೆ ಎಂದಳು ಹಾಲಮ್ಮ. ಸಂಜೆಗೆ ನಮ್ಮದು ಅಂಗಾತ ಬಿದ್ದು ನಾಲ್ಕೂ ಕಾಲು ಆಡಿಸುತ್ತಿತ್ತು.

ಆ ವಾರವೆಲ್ಲ ಶಾಲೆಯಿಂದ ಬಂದ ಕೂಡಲೇ ಗಂಡನನ್ನು ನೆಟ್ಟಗೆ ಮಾಡುವುದೇ ನನ್ನ ಕೆಲಸವಾಯಿತು. ಶನಿವಾರ ಗಿರಿಜಾ ಬರುವ ಹೊತ್ತಿಗೆ ಎರಡರ ನಡುವೆ ಒಂದು ಟೊಮೆಟೊ ಇಟ್ಟು, ಒಂದೇ ತಟ್ಟೆಯಲ್ಲಿ ಉಣ್ಣುವ ದಂಪತಿಯ ದೃಶ್ಯ ಹೊಂದಿಸಿದೆ. ಅವಳ ಕಣ್ಣೆದುರಿಗೇ ಟೊಮೆಟೊ ಅಪ್ಪಚ್ಚಿಯಾಗಿ, ಅದರ ಮೇಲೆ ನಮ್ಮ ಆಮೆ ಅಂಗಾತ ಬಿತ್ತು. ಹಾಲಮ್ಮನ ಎಮ್ಮೆ ನೋಡಲು ಬಂದಿದ್ದ ದನದ ಡಾಕ್ಟರನ್ನು ಗಿರಿಜಾಳೇ ಕರೆದಳು. ಅವರು ಎರಡನ್ನೂ ಎತ್ತಿ ಹೊಟ್ಟೆ ನೋಡಿದರು. ಅಡಿಭಾಗ ತಗ್ಗಾಗಿದ್ದರೆ ಗಂಡಂತೆ, ಎರಡರದೂ ತಗ್ಗಾಗಿತ್ತು. ಹಾಲಮ್ಮ ತನ್ನ ಖಣ ಮಡಿಸಿಕೊಂಡು ಹೋದಳು. ಹಾಗಾದರೆ ನಿಜವಾದ ಹೆಣ್ಣನ್ನೇ ತಂದರೆ ಹೇಗೆ ಎಂದು ನಾನು ಆಸೆಯಿಂದ ಕೇಳಿದೆ.

"ಹೆಣ್ಣು ತಂದ್ರೂ ಹಿಂಗ ಗುದ್ದತಾವ್ರಿ. ಒಬ್ಬೊಬ್ಬರ ಇದ್ದು ಬಾಳೋ ಜೀವ ಇವು. ಬ್ಯಾರೆ ಬ್ಯಾರೆ ಇಡ್ರಿ" ಎಂದರು ಡಾಕ್ಟರು.

ನನಗೆ ಅಳುವೇ ಬಂತು. ಹಿತ್ತಲ ನಡುವೆ ಮೊಣಕಾಲೆತ್ತರ ಇಟ್ಟಿಗೆ ಜೋಡಿಸುವಾಗ ನನ್ನ ಸಂಸಾರಕ್ಕೇ ಗೋಡೆ ಕಟ್ಟುತ್ತಿರುವಂತೆ ಅನಿಸಿತು. ಮುಂದಿನ ಶನಿವಾರದ ಹೊತ್ತಿಗೆ ಆಮೆಗಳೆರಡೂ ಗೋಡೆಯ ಆಚೆಗೊಂದು ಈಚೆಗೊಂದು ನುಗ್ಗೆಸೊಪ್ಪು ಮೇಯುತ್ತ, ಕುತ್ತಿಗೆ ಚಾಚಿ ಬಿಸಿಲು ಕಾಯುತ್ತ ಪರಮಸುಖದಲ್ಲಿದ್ದವು. ಇನ್ನು ಮುಚ್ಚಿಡುವುದೇನು, ಬೇರೆಯಾಗಿದ್ದೇ ಸುಖವಾಗಿವೆ ಎಂದು ಒಪ್ಪಿಕೊಂಡೆ. ಗಿರಿಜಾ ಇಟ್ಟಿಗೆಯ ಮೇಲೆ ಕೂತು ಬಹಳ ಹೊತ್ತು ನೋಡಿದಳು. ಅಂಜಿಕೆಗೆ ನಾನೂ ಬಾಯಿ ಮುಚ್ಚಿಕೊಂಡಿದ್ದೆ.

"ಬರ್ತೀನ್ರಿ ಕೊಟ್ಟೂರಿಗೆ" ಎಂದಳು. "ಮನಿ ಒಂದ ಇರ್ಲಿ, ಬೀದಿ ಕಡಿ ಖೋಲಿ ನನಗ. ಕದ ಹಾಕಿದ್ರ ನಾನಾಗಿ ತೆಗಿಯೋತನಕ ಬಡೀಬಾರದು."

ನನಗಾದ ಸಂತೋಷಕ್ಕೆ ಕದ ಅಷ್ಟೇ ಏಕೆ, ಕೋಟೆಯನ್ನೇ ಕಟ್ಟಿಸಿಕೊಡುತ್ತಿದ್ದೆ. ಬಂದಳು. ಸಂಜೆ ಓದು ಮುಗಿಸಿ ತಾನಾಗಿ ಕದ ತೆರೆದು ಬಂದು ಕೂತಳೆಂದರೆ, ಹಡಗಲಿಯಿಂದ ಬರುತ್ತಿದ್ದಾಗ ಆಡುತ್ತಿದ್ದುದಕ್ಕಿಂತ ಹೆಚ್ಚು ಮಾತಾಡುತ್ತಿದ್ದಳು. ಆ ಕದ ತೆರೆಯುವತನಕ ಹೊತ್ತು ಕಳೆಯುವುದೇ ನನಗೆ ಕಷ್ಟವಾಗುತ್ತಿತ್ತು. ಅದಕ್ಕೆ ಹಾಲಮ್ಮನ ಮನೆಗೆ ಹೋಗಿ ಕೂರುವ ರೂಢಿ ಮಾಡಿಕೊಂಡಿದ್ದೆ. ಒಂದು ಸಂಜೆ ಹೋದರೆ, ಎಂದೂ ಮುಚ್ಚದ ಆ ಮನೆಯ ಬಾಗಿಲು ಮುಚ್ಚಿತ್ತು. ಒಳಗಿನಿಂದ ಹಾಲಮ್ಮ ತನ್ನ ಸೊಸೆಗೆ ಹೇಳುತ್ತಿದ್ದಳು:

"ಗಿರಿಜವ್ವ ಇನ್ನಾ ಕದ ತೆಗದಿಲ್ಲ ಕಾಣತೈತಿ. ಮಾಸ್ತರು ಬಂದ್ರ ನಾನು ಊರಾಗ ಇಲ್ಲ ಅನ್ನು."