ಕಳುವಾದ ಹೊಲಿಗಿ ಮಷಿನ್ನೂ ನನ್ನ ಕೋರ್ಟ್ ತಿರುಗಾಟವೂ

ಒಮ್ಮೆ ಕೋರ್ಟ್ ಮೆಟ್ಟಲ ಹತ್ತಿದ್ರ ಇಂಥಾವು ಒಂದಿಲ್ಲೊಂದು ನಡೀತಾನ ಇರ್ತಾವ. ಕೇಳಿದವರು ನಗ್ತಾರ. ನನಗ ಮೈ ಉರೀತೈತಿ.

೧. ಜಾಮೀನು

ಯಲಬುರ್ಗಾ ಕಡೆ ಒಂದು ಹಳ್ಳ್ಯಾಗ ಜಂಪರ್ ಹೊಲಿಯಾಕಿ ನಾನು. ನಮ್ಮ ಹೊಟ್ಟಿ ತುಂಬಸೋದು ಕಾಲಲೆ ತುಳಿಯೋ ಒಂದು ಮಷಿನ್ನು. ಚಿಲಕ ಮುರದು ಅದನ್ನ ಕದ್ದಾವ, ಕುಕನೂರ ಸಂತ್ಯಾಗ ಮಾರಾಕ ನಿಂತಾಗ ಸಿಕ್ಕ. ನಾ ಠಾಣೆಕ್ಕ ಓಡಿದೆ.

"ಕೊಡಾಕ ಬರಂಗಿಲ್ಲವ್ವಾ, ಅದು ಸಾಕ್ಷಿ," ಅಂದ್ರು ಹವಾಲ್ದಾರ್ರು.

ಹದಿನೈದು ದಿನಕ್ಕ ಕಳ್ಳ ಜಾಮೀನಿನ ಮ್ಯಾಲ ಹೊರಗ ಬಂದ. ಮಷಿನ್ನು ಎಂಟು ತಿಂಗಳು ಒಳಗ.

"ಹಂಗಾರ ಕಳುವು ಮಾಡಿದ್ದು ಮಷಿನ್ನೇನ್ರಿ?" ಅಂದೆ. ಹವಾಲ್ದಾರ್ರು ನನಗ ಚಾ ತರಿಸಿದ್ರು.

೨. ಅರಗಿನ ಸೀಲು

ಕಡೀಕ, ಕರದಾಗ ಕೋರ್ಟಿಗೆ ತರ್ತೀನಂತ ಬಾಂಡ್ ಬರಕೊಟ್ಟು ಮಷಿನ್ನು ಬಿಡಿಸ್ಕೊಂಡು ಬಂದೆ. ಗಾಲಿಗೆ ದಾರ ಸುತ್ತಿ, ಚೀಟಿ ಹಚ್ಚಿ, ಅರಗು ಹಾಕ್ಯಾರ. ತಿರಗಂಗೇ ಇಲ್ಲ. ಬಿಚ್ಚಲೇನ್ರಿ ಅಂತ ಠಾಣೆದಾಗ ಕೇಳಿದ್ರ "ಕೋರ್ಟಿನವ್ರನ್ನ ಕೇಳು." ಕೋರ್ಟ್‌ನ್ಯಾಗ ಕೇಳಿದ್ರ "ಹಾಕಿದವ್ರನ್ನ ಕೇಳು." ದೀಪಾವಳಿ ಬಂತು. ಮಷಿನ್ನಿನ ಮುಂದ ಕುಂತು ಸೂಜಿ ಹಿಡದು ಕೈಲೆ ಹೊಲದೆ, ಚುಚ್ಚಿ ಚುಚ್ಚಿ ಬೆರಳು ಬಾತವು.

ಬಾಜೂ ಮನಿಯಾಕಿ ಬಂದು, "ಇದನ್ನ ಪೂಜಿಗೆ ಇಟ್ಟೀಯೇನಬೇ?" ಅಂದ್ಲು.

೩. ನನ್ನ ಕಡೆ ವಕೀಲರು

ನಾಕು ತಾರೀಖು ಹೋದೆ. ಒಮ್ಮೆ ಜಡ್ಜ್ ಸಾಹೇಬ್ರಿಲ್ಲ, ಒಮ್ಮೆ ಕಳ್ಳನ ವಕೀಲರಿಲ್ಲ. ಕೆಲಸ ಬಿಟ್ಟು ಹೋದದ್ದು ನಾನು, ಕೇಳವ್ರು ಯಾರು? ಐದನೇ ಸಲ ನನ್ನ ಪರ ವಾದ ಮಾಡೋ ಸರ್ಕಾರಿ ವಕೀಲರು ಹೊಸಬರು ಬಂದ್ರು. ನನ್ನ ಬಾಜೂಕ ಕಳ್ಳ ಇಸ್ತ್ರಿ ಅಂಗಿ ಹಾಕ್ಕೊಂಡು ಕುಂತಿದ್ದ. ವಕೀಲರು ಫೈಲ್ ಬಿಚ್ಚದ ಅವನ ಹೆಗಲ ಮ್ಯಾಲ ಕೈ ಇಟ್ಟು, "ಹೆದರಬ್ಯಾಡಪಾ, ನಾ ಅದೀನಿ," ಅಂದ್ರು. ನನ್ನ ಕಡೆ ತಿರುಗಿ, "ನಿನ್ನ ವಕೀಲರು ಯಾರವ್ವಾ?"

೪. ಭಾರ

ಆರನೇ ತಾರೀಖಿಗೆ ಮಷಿನ್ ಸಮೇತ ಬಾ ಅಂತ ಹುಕುಂ ಆತು. ಟಂಟಂ ಆಟೋದಾಗ ಹೇರ್ಕೊಂಡು ಒಯ್ದೆ. ಸಾಕ್ಷಿ ಹೇಳಾಕ ನಿಂತಾಗ ಕಳ್ಳನ ವಕೀಲರು, "ಸ್ವಾಮಿ, ನನ್ನ ಕಕ್ಷಿದಾರನಿಗೆ ಸೊಂಟ ನೋವು. ಇಷ್ಟು ಭಾರ ಒಬ್ಬನೇ ಎತ್ತಲು ಸಾಧ್ಯವೇ ಇಲ್ಲ. ಇದು ಸುಳ್ಳು ಕೇಸು," ಅಂದ್ರು.

ಕೇಸು ಬಿದ್ದು ಹೋಗ್ತೈತಿ ಅನಿಸಿತು. ಸಿಟ್ಟು ನೆತ್ತಿಗೇರಿತು.

"ಸಾಹೇಬ್ರ, ಈಗ ಟಂಟಂನಿಂದ ಇಳಿಸಿ, ಮೆಟ್ಟಲ ಹತ್ತಿಸಿ, ಇಲ್ಲಿ ತಂದು ಇಟ್ಟಾವ ಇವನೇ ರೀ! ಪೊಲೀಸರು ಒಬ್ರೂ ಕೈ ಹಚ್ಚಲಿಲ್ಲ."

ಸಾಹೇಬ್ರು ಕಳ್ಳ ನಿಂತ ಕಟಕಟಿ ಕಡೆ ನೋಡಿದ್ರು. "ಹೌದೇನಯ್ಯಾ?"

ಕಳ್ಳ ಕೈ ಮುಗದ. "ಹೌದ್ರಿ ಸಾಹೇಬ್ರ. ಅದನ್ನ ಎಲ್ಲಿ ಹಿಡದು ಎತ್ತಬೇಕಂತ ಅಕ್ಕಾರಿಗೆ ಗೊತ್ತಾಗಂಗಿಲ್ರಿ. ನನಗ ರೂಢಿ ಐತ್ರಿ."