ನಡುಗಡ್ಡೆಯಲ್ಲಿ ತಿಥಿಯೂಟ

ದಿನ, ಗಂಟೆ, ನಿಮಿಷಗಳ ವಿಷಯದಲ್ಲಿ ನಾನು ಭಾರೀ ಖಡಕ್ ಮನುಷ್ಯ ಎಂದು ನಾಲ್ಕು ಜನರೆದುರು ಜಂಬ ಕೊಚ್ಚಿಕೊಳ್ಳುವುದು ನನ್ನ ಹಳೆಯ ಚಾಳಿ. ಅದಕ್ಕೆ ಕಾರಣವೂ ಉಂಟು. ಚೆನ್ನೈನ ರೈಲ್ವೆ ಕಚೇರಿಯಲ್ಲಿ ವೇಳಾಪಟ್ಟಿಯ ಕರಡು ತಿದ್ದುವುದೇ ಇಪ್ಪತ್ತೆಂಟು ವರ್ಷದಿಂದ ನನ್ನ ಕಸುಬು. ಅರಕ್ಕೋಣದಲ್ಲಿ ಎರಡು ನಿಮಿಷ ನಿಲ್ಲಬೇಕಾದ ಗಾಡಿ ಮೂರು ನಿಮಿಷ ನಿಲ್ಲುತ್ತದೆ ಅಂತ ಅಚ್ಚಾಗಿಬಿಟ್ಟರೆ ನನಗೆ ಅನ್ನ ಸೇರುವುದಿಲ್ಲ. ಇಂಥ ನಾನು ಹೆತ್ತ ತಾಯಿಯ ತಿಥಿಯನ್ನು ಮರೆತೆ. ಮರೆತೆ ಅಂದರೂ ತಪ್ಪೇ. ತಪ್ಪು ತಿಂಗಳಲ್ಲಿ ಬಹಳ ಶ್ರದ್ಧೆಯಿಂದ ನೆನಪಿಟ್ಟುಕೊಂಡಿದ್ದೆ.

ನಿಜ ಹೇಳಬೇಕೆಂದರೆ ನಮ್ಮ ಮನೆಯ ತಿಥಿವಾರಗಳ ಕಚೇರಿ ಅಮ್ಮನೇ. ಯುಗಾದಿಗೆ ಮೈಸೂರಿನಿಂದ ಅಕ್ಕ ಕಳಿಸುತ್ತಿದ್ದ ಪಂಚಾಂಗ ಅಡುಗೆಮನೆ ಬಾಗಿಲ ಪಕ್ಕದ ಮೊಳೆಗೆ ನೇತುಬೀಳುತ್ತಿತ್ತು. ಅಪ್ಪನ ಶ್ರಾದ್ಧ ಹತ್ತಿರ ಬಂದಾಗ, "ನಾಡಿದ್ದು ನಿಮ್ಮಪ್ಪನ ದಿನ. ನಾಳೆಯಿಂದ ಈರುಳ್ಳಿ ಮುಟ್ಟಬೇಡ, ಆಫೀಸಿಗೆ ರಜಾ ಹಾಕು" ಅಂತ ಅಮ್ಮ ಹೇಳುವಳು. "ಗೊತ್ತಮ್ಮ, ನಾನೇನು ಮಗುವೇ?" ಅಂತ ನಾನು ರೇಗುವೆ. ಗೊತ್ತಿರುತ್ತಿರಲಿಲ್ಲ, ಆ ಮಾತು ಬೇರೆ. ಅಮ್ಮ ತೀರಿಕೊಂಡ ಮೇಲೆ ಮೊದಲ ವರ್ಷದ್ದೆಲ್ಲ ಮೈಸೂರಿನಲ್ಲಿ ಅಕ್ಕನ ಮನೆಯಲ್ಲೇ ಆಯಿತು; ಬಾ ಅಂದ ದಿನ ಹೋದೆ, ಮಾಡಿ ಬಂದೆ. ಎರಡನೆಯ ವರ್ಷ ಅಕ್ಕನಿಗೆ ಮಂಡಿನೋವು. "ಈ ಸಲ ಅಲ್ಲೇ ಮಾಡ್ತೀಯೇನೋ?" ಅಂದಳು. "ಅದೇನು ಬ್ರಹ್ಮವಿದ್ಯೆನಾ? ನಾನು ನೋಡ್ಕೋತೀನಿ, ನೀನು ತಲೆ ಕೆಡಿಸ್ಕೋಬೇಡ" ಅಂದೆ.

ನೋಡಿಕೊಂಡೆ. ಎಲ್ಲಿ ಅಂದರೆ, ಅಡ್ಯಾರಿನ ನಮ್ಮ ಬೀದಿಯ ದಿನಸಿ ಅಂಗಡಿಯವರು ಕೊಟ್ಟ ತಮಿಳು ಕ್ಯಾಲೆಂಡರಿನಲ್ಲಿ. ಅಕ್ಕನ ಪಂಚಾಂಗ ಹಳೆಯ ಪೇಪರುಗಳ ಅಡಿಯಲ್ಲಿ ಎಲ್ಲೋ ಮಲಗಿತ್ತು. ಅಮ್ಮ ಹೋದದ್ದು ಶ್ರಾವಣದ ಕೃಷ್ಣಪಕ್ಷದ ಪಂಚಮಿ; ಹಿಂದಿನ ವರ್ಷ ಆ ದಿನ ತಮಿಳರ ಆವಣಿ ತಿಂಗಳಲ್ಲಿ ಬಂದಿತ್ತು. ಆದ್ದರಿಂದ ಈ ವರ್ಷದ ಆವಣಿಯಲ್ಲಿ ಕೃಷ್ಣಪಕ್ಷದ ಪಂಚಮಿ ಹುಡುಕಿ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದೆ. ಅವರ ತಿಂಗಳಿಗೆ ಸೂರ್ಯನ ಲೆಕ್ಕ, ನಮ್ಮ ಶ್ರಾವಣಕ್ಕೆ ಚಂದ್ರನ ಲೆಕ್ಕ. ಕೆಲವು ವರ್ಷ ನಮ್ಮ ತಿಥಿ ಒಂದು ತಿಂಗಳು ಮೊದಲೇ ಬಂದುಹೋಗುತ್ತದೆ. ಈ ಊರಿನಲ್ಲಿ ಮೂವತ್ತು ವರ್ಷ ಬಾಳಿದ ಕನ್ನಡದವನಿಗೆ ಇದು ಗೊತ್ತಿಲ್ಲವೇ? ಗೊತ್ತಿತ್ತು. ಅವತ್ತು ಬುದ್ಧಿ ಮಾತ್ರ ರಜಾ ಹಾಕಿತ್ತು.

ಹೀಗಿರುವಾಗ ಮಗಳು ಪಲ್ಲವಿ ಒಂದು ಭಾನುವಾರಕ್ಕೆ ಗಂಟುಬಿದ್ದಳು. ಅವಳಿಗೆ ಶೋಳಿಂಗನಲ್ಲೂರಿನಲ್ಲಿ ಕೆಲಸ. ಅವಳ ಆಫೀಸಿನವರು ಹೋಗಿಬಂದಿದ್ದರಂತೆ: ದಕ್ಷಿಣಕ್ಕೆ ಎರಡು ಗಂಟೆ ದಾರಿ, ನದಿ ಸಮುದ್ರ ಸೇರುವ ಕಡೆ ಒಂದು ನಡುಗಡ್ಡೆ, ದೋಣಿಯಲ್ಲಿ ಹೋಗಬೇಕು, ಅಲ್ಲಿ ಥಾಯ್ ಊಟ. "ಅಪ್ಪಾ, ಒರು ನಾಳ್ ದಾನೇ, ವಾಂಗಪ್ಪಾ" ಅಂದಳು; ಒಂದೇ ದಿನ ತಾನೇ, ಬನ್ನಿ ಅಂತ. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವ ಮಗಳು ಅವಳು. ಎರಡು ವರ್ಷದಿಂದ ಮನೆ ಬಿಕೋ ಅನ್ನುತ್ತಿತ್ತು. ನನ್ನ ಹೆಂಡತಿ ಸುಮಿತ್ರಾ ಕೂಡ, "ಮುಂದಿನ ತಿಂಗಳು ಅತ್ತೆಯವರ ತಿಥಿ. ಅದಕ್ಕೆ ಮುಂಚೆ ಹೋಗಿಬಂದುಬಿಡೋಣ ರೀ" ಅಂದಳು. ಹೊರಟೆವು.

ನಡುಗಡ್ಡೆ ಎಂದರೆ ನಾಲ್ಕು ತೆಂಗಿನಮರ, ಒಂದು ಗರಿಯ ಚಪ್ಪರ, ಸುತ್ತ ಕಂದು ನೀರು. ಬ್ಯಾಂಕಾಕಿನಲ್ಲಿ ಆರು ವರ್ಷ ಸೌಟು ಹಿಡಿದುಬಂದವನೊಬ್ಬ ಅಡುಗೆಯವನು. ಮೀನು ಹಾಕಿಲ್ಲ ತಾನೇ ಎಂದು ಸುಮಿತ್ರಾ ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಬೆಳ್ಳುಳ್ಳಿಯ ವಿಷಯ ಕೇಳಲಿಲ್ಲ. ಅದರ ಘಮ ದೋಣಿ ಇಳಿಯುವಾಗಲೇ ಉತ್ತರ ಕೊಟ್ಟಿತ್ತು. ನಮ್ಮ ಮೇಜಿನ ಪಕ್ಕದ ಬಿದಿರುಗಳುವಿನ ಮೇಲೆ ಒಂದು ಕಾಗೆ ಬಂದು ಕೂತಿತು. ಮೆನು ಕಾರ್ಡು ಬೀಸಿ ಓಡಿಸಿದೆ. ಮತ್ತೆ ಬಂತು. "ಥೂ, ದರಿದ್ರದ್ದು!" ಅಂತ ಮತ್ತೆ ಓಡಿಸಿದೆ. ಹೀಗೆ ನಾಲ್ಕು ಸಲ.

ಎರಡೂವರೆಗೆ ಅಕ್ಕನ ಫೋನು ಬಂತು. "ಏನೋ, ಬ್ರಾಹ್ಮಣರ ಊಟ ಆಯ್ತೇನೋ?"

"ಯಾವ ಬ್ರಾಹ್ಮಣರು?" ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಪುಣ್ಯಕ್ಕೆ ಸೂಪಿನ ಮೆಣಸಿನಕಾಯಿ ನೆತ್ತಿಗೇರಿ ಕೆಮ್ಮು ಬಂತು. ನಾನು ಕೆಮ್ಮುತ್ತಿರುವಾಗಲೇ ಅಕ್ಕ ಹೇಳಿದಳು: "ಬೆಳಗ್ಗೆಯಿಂದ ಬರೀ ನೀರು ಕುಡ್ಕೊಂಡು ಕೂತಿದೀನಿ ಕಣೋ. ಅಲ್ಲಿ ಅಮ್ಮನಿಗೆ ಪಿಂಡ ಇಟ್ಟಾಯ್ತು ಅಂತ ತಿಳಿದ ಮೇಲೆ ಒಂದು ತುತ್ತು ತಿನ್ನೋಣ ಅಂತ."

ಅಮ್ಮನ ದಿನ ಇವತ್ತೇ ಎಂದು ಆಗ ಹೊಳೆಯಿತು. ಮದುವೆಯಾಗಿ ಹೋದ ಹೆಣ್ಣುಮಗಳಿಗೆ ಶಾಸ್ತ್ರದಲ್ಲಿ ಇಂಥ ನಿಯಮವೇನೂ ಇಲ್ಲ. ಎಪ್ಪತ್ತು ಹತ್ತಿರವಾದ ಅಕ್ಕ, ಮೈಯಲ್ಲಿ ಸಕ್ಕರೆ ಕಾಯಿಲೆ ಬೇರೆ. ನಿಜ ಹೇಳಿದರೆ ಊಟ ಬಿಡುತ್ತಾಳೆ. "ಆಯ್ತಕ್ಕ, ಈಗ ತಾನೇ ಆಯ್ತು. ನೀನು ಊಟ ಮಾಡು" ಅಂದೆ.

"ಏನೇನು ಮಾಡಿಸಿದ್ದೆ?"

ಮೇಜಿನ ಕಡೆ ನೋಡಿದೆ. "ತೆಂಗಿನಹಾಲು ಹಾಕಿದ ಹುಳಿ. ಅಕ್ಕಿ ಶಾವಿಗೆ. ಸಿಹಿ ಅನ್ನ, ಮಾವಿನಹಣ್ಣು."

"ಅಯ್ಯೋ, ಅಮ್ಮನಿಗೆ ಮಾವಿನಹಣ್ಣು ಅಂದ್ರೆ ಪ್ರಾಣ! ವಡೆ?"

ಜೋಳದ ವಡೆ ಇತ್ತು. "ಇದೆ ಅಕ್ಕ."

"ಎಳ್ಳುಂಡೆ?"

"ಅದೊಂದು ಆಗಲಿಲ್ಲ."

"ಹೋಗ್ಲಿ. ಕಾಗೆ ಬಂತಾ?"

"ಬಂತಕ್ಕ. ನಾಲ್ಕು ಸಲ ಬಂತು."

"ಮುಟ್ತಾ?"

"ಹೂಂ."

ಅಡುಗೆಯ ಪಟ್ಟಿಯಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಈ 'ಹೂಂ' ಮಾತ್ರ ಶುದ್ಧ ಸುಳ್ಳು. "ಸದ್ಯ" ಅಂತ ಅಕ್ಕ ಉಸಿರುಬಿಟ್ಟಳು. ಅಷ್ಟರಲ್ಲಿ ದೋಣಿಯವನು ನನ್ನ ಬೆನ್ನ ಹಿಂದೆಯೇ ನಿಂತು, "ಬೋಟ್ ರೆಡಿ ಸಾರ್! ಬೋಟ್!" ಎಂದು ಕೂಗಿದ. ಫೋನು ಇಟ್ಟೆ.

ವಿಷಯ ತಿಳಿದು ಸುಮಿತ್ರಾ ಚಮಚ ಕೆಳಗಿಟ್ಟಳು. ಪಲ್ಲವಿ ಅಜ್ಜಿ ಸಾಕಿದ ಹುಡುಗಿ; "ನನ್ನಿಂದಾನೇ ಅಪ್ಪಾ" ಅಂತ ಅಳತೊಡಗಿದಳು. ಅವತ್ತು ಅವಳು ಕನ್ನಡದಲ್ಲೇ ಅತ್ತಳು. ನಾನು ಒಂದು ಹಿಡಿ ಅನ್ನ ತೆಗೆದು ಬಿದಿರಿನ ಬುಡದಲ್ಲಿಟ್ಟು, ನಾಚಿಕೆ ಬಿಟ್ಟು "ಕಾ, ಕಾ" ಅಂತ ಕರೆದೆ. ಕಾಗೆ ಒಮ್ಮೆ ನೋಡಿತು. ನೋಡಿ, ಆಚೆ ಮೇಜಿನವರ ತಟ್ಟೆಯ ಕಡೆ ಹಾರಿಹೋಯಿತು. ಮನೆಗೆ ಬಂದು ವಿಚಾರಿಸಿದಾಗ, ಬಿಟ್ಟುಹೋದ ಶ್ರಾದ್ಧವನ್ನು ಅಮಾವಾಸ್ಯೆಗೆ ಮಾಡಬಹುದು ಎಂದು ಪುರೋಹಿತರು ಸಮಾಧಾನ ಹೇಳಿದರು. ಎಳ್ಳುಂಡೆ ಸಮೇತ ಮಾಡಿದೆ. ಅಕ್ಕನಿಗೆ ಹೇಳಲಿಲ್ಲ.

ಯುಗಾದಿಗೆ ಅಕ್ಕ ತಾನೇ ಪಂಚಾಂಗ ಹಿಡಿದುಕೊಂಡು ಬಂದಳು. ಕುಂಟುತ್ತ ಹೋಗಿ ಆ ಹಳೆಯ ಮೊಳೆಗೆ ಸಿಕ್ಕಿಸಿ, ನನ್ನ ಕಡೆ ತಿರುಗದೆ ಹೇಳಿದಳು: "ಅವತ್ತು ಫೋನಿನಲ್ಲಿ ಯಾರೋ ಬೋಟ್, ಬೋಟ್ ಅಂತ ಕೂಗ್ತಿದ್ರು ಕಣೋ."

"ಅಕ್ಕ, ಅವತ್ತು ನೀನು ಊಟ ಮಾಡಿದ್ಯಾ?" ಅಂತ ಮಾತ್ರ ಕೇಳಿದೆ.

"ಮಾರನೇ ದಿನ ಮಾಡಿದೆ" ಅಂದಳು.

ಈಗ ಶ್ರಾವಣ ಬಂತೆಂದರೆ ತಿಥಿಗೆ ಐದು ದಿನ ಮುಂಚಿನಿಂದ ಅಕ್ಕನ ಫೋನು ಶುರು. ನಾನು ರೇಗುವುದಿಲ್ಲ. ಕಾಗೆಗಳನ್ನು ಓಡಿಸುವುದನ್ನೂ ಬಿಟ್ಟಿದ್ದೇನೆ. ಬಾಲ್ಕನಿಯಲ್ಲಿ ಸುಮಿತ್ರಾ ಒಣಹಾಕಿದ ಸಂಡಿಗೆಯನ್ನು ಅವು ಬಳಗ ಸಮೇತ ಬಂದು ತಿನ್ನುತ್ತಿದ್ದರೂ ಕೈಕಟ್ಟಿಕೊಂಡು ನೋಡುತ್ತ ನಿಲ್ಲುತ್ತೇನೆ. "ಓಡಿಸಬಾರದೇನ್ರೀ? ಕೈಗೇನಾಗಿದೆ?" ಅಂತ ಅವಳು ಒಳಗಿನಿಂದ ಕೂಗುತ್ತಾಳೆ. ಯಾವುದು ಯಾರೋ, ನನಗೆ ಲೆಕ್ಕ ಸರಿಯಾಗಿ ಬರುವುದಿಲ್ಲ ಕಣೇ, ಅನ್ನುತ್ತೇನೆ.