ಕೆಮ್ಮು ಕೇಳುವ ಖಾರದೆಣ್ಣೆ ಯಂತ್ರ

"ಇನ್ನ ಮ್ಯಾಲೆ ಖಾರದೆಣ್ಣಿ ಮಾಡಾಕ ಮನಷ್ಯಾರ ಬೇಕಾಗಿಲ್ಲ!" ಎನ್ನುತ್ತ ಮಹಾರುದ್ರಪ್ಪ ತನ್ನ ಹೊಸ ಯಂತ್ರವನ್ನು ಅಡುಗೆಕಟ್ಟೆಯ ಮೇಲೆ ಕುಕ್ಕಿದ.

ಅರ್ಧ ಹಳೆಯ ಕುಕ್ಕರ್, ಅರ್ಧ ಟೇಪ್ ರೆಕಾರ್ಡರ್, ಬೆನ್ನಿಗೊಂದು ಉದ್ದನೆಯ ಪೈಪು. ಪಂಪ್ ರಿಪೇರಿಯ ಈ ಮಹಾಶಯ ಹಿಂದೊಮ್ಮೆ ಮಾಡಿದ ರೊಟ್ಟಿ ಬಡಿಯುವ ಯಂತ್ರ ರೊಟ್ಟಿ ಬಿಟ್ಟು ಹೆಂಡತಿಯ ಬೆನ್ನು ಬಡಿದಿತ್ತು. ಆದರೂ ನೀಲಗಂಗವ್ವ ಈ ಸಲ ಅಡ್ಡ ಬರಲಿಲ್ಲ. ಅತ್ತೆ ಗುರುಬಸವ್ವನಿಗೆ ಮೂರು ತಿಂಗಳ ಹಿಂದೆ ಜ್ವರ ಬಂದು ಮೂಗು ಕಟ್ಟಿ, ನಾಲಗೆಯ ರುಚಿಯೂ ಹೋಗಿತ್ತು. ಏನು ಬಡಿಸಿದರೂ "ಮಣ್ಣು ತಿಂದಂಗ ಆಗತೈತಿ" ಎಂದು ಅರ್ಧ ರೊಟ್ಟಿಗೇ ಕೈ ತೊಳೆಯುತ್ತಿದ್ದಳು. ಸೊಸೆಯ ಅಡುಗೆಯಲ್ಲಿ ಕೊಂಕು ತೆಗೆಯುವುದನ್ನೂ ಬಿಟ್ಟಿದ್ದಳು! ಮೊದಮೊದಲು ನೀಲಗಂಗವ್ವನಿಗೆ ಅದು ಹಾಯೆನಿಸಿತ್ತು. ಈಗ ಮುದುಕಿಯ ತೋಳು ಕಡ್ಡಿಯಾಗುವುದನ್ನು ನೋಡಿ ಅವಳಿಗೇ ಊಟ ಸೇರುತ್ತಿರಲಿಲ್ಲ. ಅತ್ತೆಗೆ ಖಾರದೆಣ್ಣೆಯೆಂದರೆ ಪ್ರಾಣ. ಅದಾದರೂ ನಾಲಗೆಗೆ ಹತ್ತೀತು ಎಂಬ ಆಸೆ.

"ಎಣ್ಣಿ ಹದಕ್ಕ ಬಂದದ್ದು ಇದಕ್ಕ ಹೆಂಗ ಗೊತ್ತಾಗತೈತ್ರೀ?"

"ಅವ್ವನ ಪದ್ಧತೀನ! ಘಾಟಿಗೆ ಮೊದಲ್ನೇ ಕೆಮ್ಮು ಬಂದ ಕೂಡ್ಲೇ ಒಲಿ ಆರಿಸ್ಬೇಕು ಅಂತಾಳಲ್ಲ? ಈ ಮಷಿನ್‌ಗೆ ಕಿವಿ ಐತಿ. ಕೆಮ್ಮು ಕೇಳಿದ್ರ ಬಂದ್ ಆಗತೈತಿ. ಅಲ್ಲಿತನಕ ಮೆಣಸಿನಕಾಯಿ ಸುರಕೋತನ ಇರತೈತಿ!"

"ಮತ್ತ ಈ ಪೈಪು?"

"ನಿನಗ ಘಾಟು ಹತ್ತಬಾರದಂತ! ಎಲ್ಲಾ ಹೀರಿ ಓಣಿಗೆ ಬಿಡತೈತಿ."

"ಘಾಟೆಲ್ಲಾ ಹೊರಗ ಹೋದ್ರ ಒಳಗ ಕೆಮ್ಮಾವ್ರು ಯಾರ್ರೀ?"

ಮಹಾರುದ್ರಪ್ಪ ಆಗಲೇ ಗುಂಡಿ ಒತ್ತಿಬಿಟ್ಟಿದ್ದ.

ಶೇಂಗಾ ಎಣ್ಣೆ ಕಾಯಿತು. ಬೆಳ್ಳುಳ್ಳಿ ಚುಂಯ್ ಎಂದಿತು. ಕುಟ್ಟಿದ ಮೆಣಸಿನಕಾಯಿ ಬಿದ್ದರೂ ಅಡುಗೆಮನೆಯಲ್ಲಿ ಘಾಟಿನ ಸುಳಿವೇ ಇಲ್ಲ! ಯಂತ್ರ ಕಿವಿಗೊಟ್ಟು ಕಾಯಿತು. "ಕೆಮ್ಮಿಲ್ಲ. ಖಾರ ಸಾಲವಲ್ದು," ಎಂದು ಇನ್ನೆರಡು ಬೊಗಸೆ ಸುರಿದುಕೊಂಡಿತು.

ಗಂಡಹೆಂಡತಿ ಇಬ್ಬರೂ ಗಂಟಲು ಹರಿಯುವಂತೆ ಕೆಮ್ಮಿದರು.

"ನಾಟಕದ ಕೆಮ್ಮು," ಎಂದಿತು ಯಂತ್ರ.

"ಸುಳ್ಳ ಕೆಮ್ಮು ಗುರುತು ಹಿಡಿಯೂ ಬುದ್ಧಿ ನಾನ ಕೊಟ್ಟೀನಿ!" ಎಂದು ಮಹಾರುದ್ರಪ್ಪ ಹೆಮ್ಮೆಯಿಂದಲೇ ಹೇಳಿದ.

ನೀಲಗಂಗವ್ವ ಪ್ಲಗ್ ಕಿತ್ತಳು. ಯಂತ್ರ ನಿಲ್ಲಲಿಲ್ಲ.

"ಬ್ಯಾಟರಿ ಹಾಕೀನಿ. ಕರೆಂಟ್ ಹೋದ್ರ ನಿನಗ ತ್ರಾಸ ಆಗಬಾರದಂತ!"

"ನಿಮ್ಮ ಕಾಳಜಿಗೆ ಬೆಂಕಿ ಬೀಳ್ಲಿ!"

ಅಷ್ಟರಲ್ಲಿ ಎದುರಿನ ಕಟಿಂಗ್ ಅಂಗಡಿಯ ಯಂಕಪ್ಪ ಕತ್ತರಿ ಹಿಡಿದು ಓಡಿಬಂದ. ಹಿಂದೆ ದ್ಯಾಮನಗೌಡರು, ಅರ್ಧ ಮೀಸೆಯೊಂದಿಗೆ! "ಮೀಸಿ ಕತ್ತರಸೂಮುಂದ ಸೀನು ಬಂತ್ರಿ! ಓಣಿ ತುಂಬ ಘಾಟು!" ಎಂದು ಯಂಕಪ್ಪ ಅತ್ತ. ಗೌಡರು ಬೈಯಲು ಬಾಯಿ ತೆರೆದರೆ ಬರೀ ಕೆಮ್ಮು.

"ಅಸಲಿ ಕೆಮ್ಮು! ಒಳಗ ಬರ್ರೀ ಗೌಡ್ರ!" ಎಂದು ಮಹಾರುದ್ರಪ್ಪ ಅವರನ್ನು ಅಡುಗೆಮನೆಗೆ ಎಳೆದ. ಒಳಗಿನ ಶುದ್ಧ ಗಾಳಿ ತಾಗಿದ್ದೇ ತಡ, ಗೌಡರ ಕೆಮ್ಮು ನಿಂತೇಹೋಯಿತು! "ಆಹಾ, ಇಲ್ಲಿ ಎಷ್ಟ ಹಿತ ಐತಿ!" ಎಂದು ಅಲ್ಲೇ ಮಣೆ ಎಳೆದು ಕುಳಿತರು.

ಆಗ ನೀಲಗಂಗವ್ವನಿಗೆ ತಟ್ಟನೆ ನೆನಪಾಯಿತು. ಅತ್ತೆ ಹೊರಗಿನ ಕಟ್ಟೆಯ ಮೇಲೆ, ಪೈಪಿನ ಬಾಯಿಯ ಕೆಳಗೇ ಕುಳಿತಿದ್ದಾಳೆ!

ಬಿದ್ದೆನೋ ಎದ್ದೆನೋ ಎಂದು ಓಡಿದಳು. ಕೆಂಪು ಹೊಗೆಯ ನಡುವೆ ಗುರುಬಸವ್ವ ನಿಶ್ಚಿಂತೆಯಿಂದ ಅವರೆಕಾಯಿ ಸುಲಿಯುತ್ತಿದ್ದಳು. "ಮಂದಿ ಯಾಕ ಹಂಗ ಓಡಾಕ ಹತ್ತೈತಿ?" ಎಂದು ಕೇಳಿದಳು. ಸೊಸೆ ರಟ್ಟೆ ಹಿಡಿದು ಒಳಗೆ ತಂದಳು. ಅಡುಗೆಮನೆಯ ಹೊಸ್ತಿಲು ದಾಟುವಾಗ, ಹೊರಗೆ ಕುಡಿದ ಘಾಟು ಕಟ್ಟಿದ ಮೂಗಿಗೆ ಈಗ ಮುಟ್ಟಿತೋ ಏನೋ, ಮುದುಕಿಯ ಮೂಗಿನ ತುದಿ ಅದುರಿತು. ಬಂದ ಸೀನಿಗೆ ಮಾಡಿನ ಹಂಚು ಎರಡು ಜಾರಿದವು, ಯಂಕಪ್ಪನ ಕತ್ತರಿ ಹಾರಿತು! ಬೆನ್ನಿಗೇ ಮೂರು ತಿಂಗಳು ಕೂಡಿಟ್ಟಿದ್ದ ಕೆಮ್ಮು ಬಂತು.

"ಅಸಲಿ ಕೆಮ್ಮು. ಎಣ್ಣಿ ತಯಾರು," ಎಂದು ಯಂತ್ರ ಆರಿತು.

ಗುರುಬಸವ್ವ ಕಣ್ಣೊರೆಸಿಕೊಂಡು ಗಾಳಿ ಎಳೆದಳು. "ಏ ನೀಲಾ, ಬಳ್ಳೊಳ್ಳಿ ವಾಸನಿ ಬರಾಕ ಹತ್ತೈತಲ್ಲ!"

ಬೇಡವೆನ್ನುವಷ್ಟರಲ್ಲಿ ರೊಟ್ಟಿ ಮುರಿದು ಆ ಕೆಂಡದಂಥ ಎಣ್ಣೆಗೆ ಅದ್ದಿ ಬಾಯಿಗಿಟ್ಟಳು. ಒಂದು ರೊಟ್ಟಿ ಹೋಯಿತು, ಎರಡು ಹೋದವು. ಮೂರನೆಯದಕ್ಕೆ ನೀಲಗಂಗವ್ವನಿಗೆ ಎಷ್ಟು ಸಂತೋಷವಾಯಿತೆಂದರೆ ಆ ದರಿದ್ರ ಯಂತ್ರವನ್ನೂ ಅಪ್ಪಿಕೊಳ್ಳಬೇಕೆನಿಸಿತು.

"ರುಚಿ ಗೊತ್ತಾಗತೈತೇನ್ರಿ, ಅತ್ತಿ?"

"ಹೂಂ," ಎಂದ ಅತ್ತೆ, ಪಕ್ಕದಲ್ಲಿದ್ದ ಬೆಳಗಿನ ಬದನೆಕಾಯಿ ಪಲ್ಯವನ್ನೂ ತುಸು ಬಾಯಿಗೆ ಹಾಕಿಕೊಂಡಳು. ಅಗಿದಳು. ನಿಧಾನಕ್ಕೆ ತಲೆಯೆತ್ತಿ ಸೊಸೆಯನ್ನು ನೋಡಿದಳು.

"ಮೂರು ತಿಂಗಳಿಂದ ನಾ ತಿಂದದ್ದು ಇದನ್ನೇನು? ದೇವರು ದೊಡ್ಡಾಂವ. ರುಚಿ ಗೊತ್ತಾಗದಂಗ ಕಾಪಾಡ್ಯಾನ."